ಗೋಡೆಯ ಆಚೆ ಸ್ವೆಟರ್, ಈಚೆ ಬೆವರು

ಯಾರೂ ಮುಂದೆ ಕೂರದ ಕಂಪ್ಯೂಟರ್ ಕೂಡ ಕರೆಂಟ್ ತಿನ್ನುತ್ತದೆ, ತಿಂದದ್ದನ್ನೆಲ್ಲ ಬಿಸಿಯಾಗಿ ಕಕ್ಕುತ್ತದೆ. ಪರದೆ ಕಪ್ಪಾದ ಮಾತ್ರಕ್ಕೆ ಯಂತ್ರ ನಿಂತಿರುವುದಿಲ್ಲ. ಮೇಜಿನ ಕೆಳಗಿನ ಡಬ್ಬದ ಮೇಲೆ ಕೈ ಇಟ್ಟು ನೋಡಿದರೆ ಒಂದನೇ ತರಗತಿಯ ಮಗುವಿಗೂ ಇದು ತಿಳಿಯುತ್ತದೆ. ಆದರೆ ವಿಶ್ವವಿದ್ಯಾಲಯ ಎಂಬ ಜಾಗದಲ್ಲಿ ಡಬ್ಬದ ಮೇಲೆ ಕೈ ಇಡುವವರು ಕಡಿಮೆ. ಭೂಮಿ ಬಿಸಿಯಾಗುತ್ತಿದೆ ಎಂದು ಭಾಷಣ ಮಾಡುವುದಕ್ಕೆ ಅಲ್ಲಿ ಸಭಾಂಗಣವಿದೆ. ಭಾಷಣ ಕೇಳಲು ಬಂದವರು ಗಡಗಡ ನಡುಗುವಷ್ಟು ಎಸಿಯೂ ಇದೆ. ಆ ತಂಪು ಎಲ್ಲಿಂದ ಬಂತು, ಒಳಗಿನ ಬಿಸಿ ಎಲ್ಲಿಗೆ ಹೋಯಿತು ಎಂದು ಕೇಳುವವರು ಮಾತ್ರ ಇಲ್ಲ.

ಬಿಸಿ ಮಾಯವಾಗುವ ವಸ್ತುವಲ್ಲ. ಒಂದು ಕೋಣೆಯಿಂದ ಹೊರಬಿತ್ತೆಂದರೆ ಇನ್ಯಾರದೋ ಕಿಟಕಿಗೆ ಬಂದು ನಿಂತಿತು ಎಂದೇ ಅರ್ಥ. ನಾನು ಹೇಳಹೊರಟಿರುವುದು ಅಂಥ ಒಂದು ಕಿಟಕಿಯ ಮಾತು, ಅದರ ಆಚೆ ಈಚೆ ದುಡಿದ ಗಂಡಹೆಂಡಿರ ಮಾತು.

ಗಂಡ ಕಂಪ್ಯೂಟರ್ ಹಾಲಿನ ಸಹಾಯಕ. ಎಲ್ಲರೂ ಕರೆಯುವುದು ಸ್ವೆಟರ್ ಸಾರ್ ಎಂದು. ರಸ್ತೆಯ ಡಾಂಬರು ಕರಗುವ ತಿಂಗಳಲ್ಲೂ ಮೊಣಕೈ ಸವೆದ ಕಂದು ಉಣ್ಣೆಯ ಸ್ವೆಟರ್ ಒಂದನ್ನು ಹೆಗಲಿಗೆ ಹಾಕಿಕೊಂಡೇ ಮನೆಯಿಂದ ಹೊರಡುವ ಆಸಾಮಿ. ಬಸ್ಸಿನಲ್ಲಿ ಪಕ್ಕದವರು ತುಸು ಸರಿದು ಕೂರುತ್ತಿದ್ದರು. ಜ್ವರದವನೋ, ತಲೆ ಕೆಟ್ಟವನೋ ಎಂಬ ಅನುಮಾನ. ಎರಡೂ ಆಗಿರಲಿಲ್ಲ. ಅವರು ಕೆಲಸ ಮಾಡುವ ಹಾಲಿನಲ್ಲಿ ಸಾಲು ಸಾಲು ಕಂಪ್ಯೂಟರುಗಳು ಹಗಲೂ ರಾತ್ರಿ ಓಡುತ್ತಿದ್ದವು. ಅವುಗಳ ಬಿಸಿ ಇಳಿಸಲು ಎರಡು ದೊಡ್ಡ ಎಸಿಗಳು ಹಗಲೂ ರಾತ್ರಿ ಗುರುಗುಡುತ್ತಿದ್ದವು. ನಡುವೆ ಸಿಕ್ಕಿಕೊಂಡ ಮನುಷ್ಯ ಸ್ವೆಟರ್ ಹಾಕದೆ ಇನ್ನೇನು ಮಾಡಿಯಾನು?

ಅವರು ಅಲ್ಲಿಗೆ ಬಂದದ್ದು ಟೈಪ್‌ರೈಟರ್ ರಿಪೇರಿಗೆ. ಅಕ್ಷರದ ಕಡ್ಡಿಗಳ ಸಂದಿಯ ಮಸಿ ತೆಗೆಯುವುದು, ರಿಬ್ಬನ್ ಬದಲಿಸುವುದು, ಎಣ್ಣೆ ಹಾಕುವುದು. ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿದಾಗ ಇವರನ್ನು ಗುಜರಿಗೆ ಹಾಕಲು ಬರುವುದಿಲ್ಲವಲ್ಲ, ಕಂಪ್ಯೂಟರ್ ಹಾಲಿಗೆ ಹಾಕಿದರು. ಟೈಪ್‌ರೈಟರ್ ಬಿಚ್ಚಿದರೆ ಯಾವುದು ಯಾವುದನ್ನು ಎಳೆಯುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಈ ಡಬ್ಬ ಬಿಚ್ಚಿದರೆ ಒಂದು ಫ್ಯಾನು ಬಿಟ್ಟು ಏನೂ ಅಲುಗಾಡುವುದಿಲ್ಲ. ಹೊಸದರಲ್ಲಿ ಒಂದು ಸಂಜೆ, ಮನೆಯಲ್ಲಿ ದೀಪ ಆರಿಸುವಷ್ಟೇ ಸಹಜವಾಗಿ, ಎಲ್ಲವನ್ನೂ ಆಫ್ ಮಾಡಿ ಹೋದರು. ಮರುದಿನ ಕೆಲವು ಏಳಲೇ ಇಲ್ಲ. ಆಗಿನ ವಿಭಾಗ ಮುಖ್ಯಸ್ಥರು ವಿದ್ಯಾರ್ಥಿಗಳ ಎದುರಿಗೇ ಬೆವರಿಳಿಸಿದರು.

"ರಾತ್ರಿ ಹೊತ್ತು ಅಪ್‌ಡೇಟ್ ಬರುತ್ತೆ ಕಣಯ್ಯಾ! ಅದನ್ನ ಅರ್ಧಕ್ಕೇ ಕತ್ತು ಹಿಸುಕಿದ್ದೀಯ. ನೀನೇನು ಲ್ಯಾಬ್ ನೋಡ್ಕೊಳ್ಳೋನೋ, ಕೊಲೆಗಾರನೋ?"

ಅವತ್ತೇ ಹುಕುಂ ಆಯಿತು. ಪ್ರತಿ ಯಂತ್ರದ ನೆತ್ತಿಯ ಮೇಲೂ ಒಂದು ಚೀಟಿ, ಕೆಂಪು ಶಾಯಿಯಲ್ಲಿ: "ಆಫ್ ಮಾಡಬೇಡಿ. ಅಪ್‌ಡೇಟ್ ಬರುತ್ತದೆ." ಅಂಟಿಸಿದವರು ಇದೇ ಸ್ವೆಟರ್ ಸಾರ್. ಯಾರೂ ಮುಟ್ಟದಿದ್ದರೆ ತಾವಾಗಿಯೇ ಮಲಗುವ ಬುದ್ಧಿ ಆ ಯಂತ್ರಗಳಿಗಿತ್ತು, ಅದನ್ನೂ ತೆಗೆಸಿಹಾಕಿದರು. ಬೈದ ಮುಖ್ಯಸ್ಥರು ನಿವೃತ್ತರಾದರು, ಅವರ ನಂತರದವರೂ ಆದರು, ಕಂಪ್ಯೂಟರುಗಳೇ ಎಷ್ಟೋ ಸಲ ಬದಲಾದವು. ಚೀಟಿ ಬದಲಾಗಲಿಲ್ಲ. ಹಳೆಯದು ಸುರುಳಿ ಸುತ್ತಿ ಉದುರಿದರೆ ಸಾರ್ ಹೊಸದು ಬರೆದು ಅಂಟಿಸುತ್ತಿದ್ದರು. ಕೆಲಸ ಮುಗಿಸಿ ಎದ್ದ ಹುಡುಗ "ಸಾರ್, ಆಫ್ ಮಾಡ್ಲಾ?" ಎಂದರೆ ಹಾಲಿನ ಆ ತುದಿಯಿಂದ ಕೂಗು:

"ಕೈ ತೆಗಿ! ಮೊದಲು ಕೈ ತೆಗಿ! ಅಪ್‌ಡೇಟ್ ಬರುತ್ತೆ!"

ಒಮ್ಮೆ ಉಗಿಸಿಕೊಂಡ ಮನುಷ್ಯ ತಾನೇ ಕಾವಲುಗಾರನಾಗುವುದು ಹೀಗೆ. ನಮ್ಮ ಕಚೇರಿಗಳೆಲ್ಲ ನಡೆಯುತ್ತಿರುವುದು ಇಂಥ ಹಳೆಯ ಉಗಿತದ ಭಯದ ಮೇಲೆ. ನಗಬೇಡಿ, ನಿಮ್ಮ ಕಚೇರಿಯೂ ಅಷ್ಟೇ.

ಈಗ ಗೋಡೆಯ ಈಚೆಗೆ ಬನ್ನಿ.

ಕಂಪ್ಯೂಟರ್ ಹಾಲಿನ ಹಿಂದೆ ಸೈಕಲ್ ದಾಟುವಷ್ಟು ಅಗಲದ ಓಣಿ. ಓಣಿಯ ಆಚೆ ತಗಡಿನ ಮಾಡಿನ ಒಂದು ಕೋಣೆ. ಹಿಂದೆ ಮುರಿದ ಬೆಂಚು ತುಂಬಿಸಿಡುತ್ತಿದ್ದ ಜಾಗ ಅದು, ಈಗ ಅಲ್ಲಿ ಕ್ಯಾಂಪಸ್ಸಿನಲ್ಲಿ ದುಡಿಯುವವರ ಮಕ್ಕಳು. ಕಸ ಗುಡಿಸುವವಳ ಮಗು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳ ಮಗು, ಹೊಸದಾಗಿ ಸೇರಿದ ಗುಮಾಸ್ತೆಯ ಮಗು. ನೋಡಿಕೊಳ್ಳುವವರು ಸ್ವೆಟರ್ ಸಾರ್ ಹೆಂಡತಿ. ಮಕ್ಕಳು ದೊಡ್ಡಮ್ಮ ಎಂದರು, ಕ್ಯಾಂಪಸ್ಸೂ ದೊಡ್ಡಮ್ಮ ಎಂದಿತು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಮಗುವನ್ನು ಕಂಕುಳಲ್ಲಿ, ಇನ್ನೊಂದನ್ನು ಕಾಲ ಮೇಲೆ ಹಾಕಿಕೊಂಡು, ಮೂರನೆಯದನ್ನು ಕಣ್ಣಿನಲ್ಲೇ ಗದರುವ ಹೆಂಗಸು.

ಕೋಣೆಗೆ ಕಿಟಕಿ ಒಂದೇ. ಅದು ತೆರೆಯುವುದು ಓಣಿಗೆ. ಓಣಿಯ ಎದುರುಗೋಡೆಯಲ್ಲಿ, ಹಾಲಿನ ಎಸಿಗಳ ಬಿಸಿ ಉಗುಳುವ ಎರಡು ಹೊರಡಬ್ಬಗಳು, ಒಂದು ಕಿಟಕಿಗೆ ಸರಿಯಾಗಿ ಮುಖ ಮಾಡಿ, ಇನ್ನೊಂದು ತುಸು ಪಕ್ಕಕ್ಕೆ. ಕಿಟಕಿ ತೆಗೆದರೆ ಒಲೆಯ ಬಾಯಿಯ ಮುಂದೆ ಕೂತ ಹಾಗೆ. ಮುಚ್ಚಿದರೆ ತಗಡಿನ ಕೆಳಗೆ ಉಸಿರುಗಟ್ಟಿದ ಹಾಗೆ. ದೊಡ್ಡಮ್ಮ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ಹಳೆಯ ಹಳದಿ ಬಟ್ಟೆಗಳನ್ನು ಒದ್ದೆ ಮಾಡಿ ಮಕ್ಕಳ ಹೊಟ್ಟೆಯ ಮೇಲೆ ಹಾಕುತ್ತಿದ್ದರು. ಆದರೂ ಮಕ್ಕಳ ಕತ್ತು, ಬೆನ್ನು ಎಲ್ಲ ಬೆವರುಸಾಲೆ. ಚಿಟ್ಟೆ ಎಂದು ಕರೆಯುವ ಒಂದು ಪುಟ್ಟ ಹೆಣ್ಣುಕೂಸಂತೂ ಕೆರೆದುಕೊಂಡು ಕೆರೆದುಕೊಂಡು ಹುಣ್ಣು ಮಾಡಿಕೊಂಡಿತ್ತು.

ಆ ಬೇಸಿಗೆಯಲ್ಲಿ ಚಿಟ್ಟೆ ಒಂದು ಮಧ್ಯಾಹ್ನ ಕಣ್ಣು ಮೇಲೆ ಮಾಡಿ ಸುಸ್ತಾಗಿ ಬಿತ್ತು. ಕ್ಯಾಂಪಸ್ಸಿನ ಡಾಕ್ಟರಮ್ಮ ಓಡಿ ಬಂದರು. ಮಗು ಚೇತರಿಸಿಕೊಂಡಿತು. ಡಾಕ್ಟರಮ್ಮ ಮಾತ್ರ ಮುಖ ಸಡಿಲಿಸಲಿಲ್ಲ.

"ಈ ಕೋಣೇಲಿ ಮಕ್ಕಳನ್ನ ಇಡೋ ಹಾಗಿಲ್ಲ ದೊಡ್ಡಮ್ಮ. ತಿಂಗಳ ಕೊನೆಗೆ ಮತ್ತೆ ಬರ್ತೀನಿ. ಅಷ್ಟರಲ್ಲಿ ಆ ಕಿಟಕಿ ತೆಗೆದಿಡೋ ಹಾಗಾಗಬೇಕು. ಇಲ್ಲಾಂದ್ರೆ ಬಾಗಿಲು ಹಾಕಿ ಅಂತ ನಾನೇ ಬರೀಬೇಕಾಗುತ್ತೆ."

"ಬಾಗಿಲು ಹಾಕಿದ್ರೆ ಇವರಮ್ಮಂದಿರು ಎಲ್ಲಿ ಬಿಡ್ತಾರೆ ಮೇಡಂ?"

"ಅದು ನನಗೂ ಗೊತ್ತಿಲ್ಲ," ಎಂದರು ಡಾಕ್ಟರಮ್ಮ. ಕೆಟ್ಟ ಹೆಂಗಸೇನಲ್ಲ. ಆದರೆ ಸತ್ಯ ಅದೇ: ಕೋಣೆ ಮುಚ್ಚಿದರೆ ಅಮ್ಮಂದಿರು ಕೆಲಸ ಬಿಡಬೇಕು, ಇಲ್ಲವೆ ಮಗುವನ್ನು ಮನೆಯಲ್ಲಿ ಕೂಡಿಹಾಕಿ ಬರಬೇಕು.

ಸ್ವೆಟರ್ ಸಾರ್ ಕೈಕಟ್ಟಿ ಕೂರಲಿಲ್ಲ. ಇಂಜಿನಿಯರ್ ಹತ್ತಿರ ಹೋದರು. ಹೊರಡಬ್ಬಗಳನ್ನು ಮಾಳಿಗೆಗೆ ಏರಿಸಿಬಿಡಿ ಎಂದು ಕೈಮುಗಿದರು. ಇಂಜಿನಿಯರ್ರು ಫೋನಿನಿಂದ ಕಣ್ಣೆತ್ತದೆ, "ಪೈಪು, ಗ್ಯಾಸು, ಟೆಂಡರು. ಮುಂದಿನ ವರ್ಷ ನೋಡೋಣ," ಎಂದರು.

"ಮಕ್ಕಳು ಮುಂದಿನ ವರ್ಷದ ತನಕ ಬೇಯ್ತಾ ಇರ್ಲಾ ಸಾರ್?"

"ಅಲ್ಲಯ್ಯಾ, ನಿನ್ನ ಹೆಂಡ್ತಿ ಇರೋ ರೂಮು ಅಂತ ನೀನು ಹೀಗೆ ಮಾತಾಡ್ತೀಯ. ನನಗೆ ಇಡೀ ಕ್ಯಾಂಪಸ್ ನೋಡ್ಬೇಕು."

ಇಡೀ ಕ್ಯಾಂಪಸ್ ನೋಡುವವರಿಗೆ ಒಂದು ಕಿಟಕಿ ಕಾಣುವುದಿಲ್ಲ. ಇದೊಂದು ಕಣ್ಣಿನ ರೋಗ, ಇದಕ್ಕೆ ಬಡ್ತಿಯೂ ಸಿಗುತ್ತದೆ.

ಸೋತ ಮುಖ ಹೊತ್ತು ಬಂದ ಗಂಡನನ್ನು ದೊಡ್ಡಮ್ಮ ಕಿಟಕಿಯ ಹತ್ತಿರ ಎಳೆದೊಯ್ದರು. ಚಿಲಕ ತೆಗೆದು, ಅವರ ಕೈ ಹಿಡಿದು ಹೊರಗೆ ಚಾಚಿಸಿದರು. ಕೈ ತಾನಾಗಿ ಹಿಂದಕ್ಕೆ ಬಂತು.

"ಹಿಡೀರಿ, ಹಿಡೀರಿ. ಇದು ಎಲ್ಲಿಂದ ಬರ್ತಿದೆ ಹೇಳಿ?"

"ಎಸಿಯಿಂದ. ಗೊತ್ತಿರೋದೇ ಅಲ್ವಾ?"

"ಎಸಿಗೆ ಎಲ್ಲಿಂದ ಬಂತು?"

"ಹಾಲಿಂದ. ಕಂಪ್ಯೂಟರ್ ಬಿಸಿ ಅದು."

"ಆ ಕಂಪ್ಯೂಟರ್ ಮುಂದೆ ಯಾರು ಕೂತಿದ್ದಾರೆ ಈಗ?"

ಪರೀಕ್ಷೆಯ ಓದಿಗೆ ರಜೆ ಕೊಟ್ಟಿದ್ದರು. ಹಾಲಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಸಾರ್ ತಡವರಿಸಿದರು. "ಯಾರೂ ಇಲ್ಲ. ಆದ್ರೆ ಅಪ್‌ಡೇಟ್..."

"ಆಹಾ, ಬಂದ ನೋಡಿ ನಿಮ್ಮ ನೆಂಟ! ನಾನು ಮದುವೆಯಾಗಿ ಬಂದಾಗಿಂದ ಅಪ್‌ಡೇಟ್ ಬರುತ್ತೆ, ಅಪ್‌ಡೇಟ್ ಬರುತ್ತೆ ಅಂತ ದೀಪ ಹಚ್ಚಿಟ್ಕೊಂಡು ಕಾಯ್ತಿದ್ದೀರಲ್ಲ, ಒಂದು ದಿನಾನಾದ್ರೂ ಮುಖ ನೋಡಿದ್ದೀರಾ ಅವನದ್ದು? ಯಾವ ಊರಿಂದ ಹೊರಟಿದ್ದಾನೆ ಕೇಳಿದ್ದೀರಾ? ಆ ನೆಂಟ ಬರೋ ತನಕ ನನ್ನ ಮಕ್ಕಳನ್ನ ಬೇಯಿಸ್ತೀರಾ ನೀವು?"

ಅಣಕಕ್ಕೆ ಆಡಿದ ಮಾತು. ಆದರೆ ನಾಟಿತು. ಯಾವ ಊರಿಂದ ಹೊರಟಿದ್ದಾನೆ ಎಂದು ಅವರು ನಿಜಕ್ಕೂ ಯಾರನ್ನೂ ಕೇಳಿರಲಿಲ್ಲ.

ಮರುದಿನ ಕ್ಯಾಂಪಸ್ಸಿನ ಇನ್ನೊಂದು ತುದಿಯ ಕಂಪ್ಯೂಟರ್ ಕೇಂದ್ರಕ್ಕೆ ನಡೆದರು. ಅಲ್ಲಿ ಕೂತಿದ್ದ ಹುಡುಗಿ ತಿಂಡಿಯ ಡಬ್ಬಿ ಮುಚ್ಚುತ್ತಾ ಕೇಳಿಸಿಕೊಂಡಳು.

"ರಾತ್ರಿ ಅಪ್‌ಡೇಟ್ ಕಳಿಸೋ ಮಷೀನಾ? ಅದು ಗುಜರಿಗೆ ಹೋಗಿ ಯಾವ ಕಾಲ ಆಯ್ತು ಸಾರ್! ನಾನು ಸೇರೋಕ್ಕೂ ಮುಂಚೆ."

"ಮತ್ತೆ ಈಗ ಅಪ್‌ಡೇಟ್?"

"ಈಗೆಲ್ಲ ನೀವು ಆನ್ ಮಾಡಿದಾಗ ತಾನಾಗೇ ಬರುತ್ತೆ. ರಾತ್ರಿ ಕಾಯೋದೇನೂ ಬೇಡ."

"ನಮಗೆ ಯಾರೂ ಹೇಳ್ಲಿಲ್ವಲ್ಲಮ್ಮಾ."

"ನೀವು ಯಾರೂ ಕೇಳ್ಲಿಲ್ವಲ್ಲ ಸಾರ್."

ನೋಡಿ ಚೆಂದ. ಇಲ್ಲದ ಯಂತ್ರವೊಂದು ಕಳಿಸದ ವಸ್ತುವಿಗಾಗಿ ಒಂದು ವಿಶ್ವವಿದ್ಯಾಲಯ ವರ್ಷಾನುಗಟ್ಟಲೆ ಬಾಗಿಲು ತೆರೆದು ಕಾದಿದೆ. ಒಳಗೆ ತಲೆಗೊಂದು ಡಾಕ್ಟರೇಟು. ಆದರೆ ಚೀಟಿಯನ್ನು ಅನುಮಾನಿಸಲು ಪದವಿ ಬೇಕಿಲ್ಲ, ಬಿಸಿ ತಗುಲಬೇಕು. ಬಿಸಿ ತಗುಲುತ್ತಿದ್ದದ್ದು ಮಾತು ಬಾರದ ಕೂಸುಗಳಿಗೆ.

ಸ್ವೆಟರ್ ಸಾರ್ ಬರುವ ದಾರಿಯುದ್ದಕ್ಕೂ ಒಬ್ಬರೇ ಮಾತಾಡಿಕೊಂಡು ಬಂದರು. ಹಾಲಿಗೆ ಬಂದವರೇ ಯಾರನ್ನೂ ಕೇಳದೆ ಮೊದಲ ಸಾಲಿನಿಂದ ಚೀಟಿ ಕಿತ್ತರು. ಉಗುರಿನಲ್ಲಿ ಕೆರೆದು, ಒದ್ದೆ ಬಟ್ಟೆಯಲ್ಲಿ ಅಂಟು ಒರೆಸಿ, ಯಂತ್ರ ಆಫ್. ಮುಂದಿನದು. ಅದರ ಮುಂದಿನದು. ತಾವೇ ಅಂಟಿಸಿದ್ದನ್ನು ತಾವೇ ಕೀಳುವಾಗ ಒಂಥರಾ ಸಿಟ್ಟು, ಒಂಥರಾ ಹಬ್ಬ. ಸಾಲು ಮುಗಿದಂತೆ ಹಾಲಿನ ಗುಂಯ್ ಎನ್ನುವ ಸದ್ದು ಕರಗುತ್ತಾ ಬಂತು. ಕೊನೆಗೆ ಮೂಲೆಯಲ್ಲಿದ್ದದ್ದನ್ನೂ ಆರಿಸಿ, ಎಸಿಗಳ ಗುಂಡಿ ಒತ್ತಿದರು. ಬಂದಾಗಿನಿಂದ ಕೇಳದಿದ್ದ ಒಂದು ಸದ್ದು ಆಗ ಹಿಂದಿನ ಓಣಿಯಿಂದ ಕೇಳಿಸಿತು: ದೊಡ್ಡಮ್ಮನ ಜೋಗುಳ. ಅದು ಇಷ್ಟು ಹತ್ತಿರದಲ್ಲಿತ್ತು ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಆ ಮಧ್ಯಾಹ್ನ ಕಿಟಕಿ ತೆರೆಯಿತು. ಓಣಿಯ ನೆರಳಿನ ಗಾಳಿ ಒಳಗೆ ಬಂತು. ಚಿಟ್ಟೆ ಕೆರೆದುಕೊಳ್ಳದೆ ನಿದ್ದೆ ಹೋಯಿತು. ಸಂಜೆ ದೊಡ್ಡಮ್ಮ ಗಂಡನಿಗೆ ಹೊಗಳಿಕೆಯ ಮಾತೇನೂ ಆಡಲಿಲ್ಲ. "ಸ್ವೆಟರ್ ಬಿಚ್ಚಿ, ಒಗೀಬೇಕು," ಎಂದರಷ್ಟೆ. ಅವರ ಮನೆಯಲ್ಲಿ ಅದೇ ಹೊಗಳಿಕೆ.

ಮರುದಿನ ಬೆಳಿಗ್ಗೆ ಹಾಲಿನ ಮೂಲೆಯಿಂದ ಕಿರುಚಾಟ.

ಅವಳು ಸಂಶೋಧನೆಯ ವಿದ್ಯಾರ್ಥಿನಿ. ಎಲ್ಲರ ಬಾಯಲ್ಲಿ ನದಿ ಹುಡುಗಿ. ನದಿ ಉಕ್ಕಿದರೆ ನೀರು ಯಾವ ಬೀದಿಗೆ ಎಷ್ಟು ಬೇಗ ನುಗ್ಗುತ್ತದೆ ಎಂದು ಲೆಕ್ಕ ಹಾಕಿಸುತ್ತಿದ್ದಳು. ಆ ಲೆಕ್ಕ ಒಂದು ದಿನದ್ದಲ್ಲ, ವಾರಗಟ್ಟಲೆ ಓಡಬೇಕಾದದ್ದು. ಮೂಲೆಯ ಯಂತ್ರದಲ್ಲಿ, ಪರದೆ ಕಪ್ಪಾಗಿಯೇ, ಅದು ಓಡುತ್ತಿತ್ತು. ಅದರ ನೆತ್ತಿಯಲ್ಲೂ ಅದೇ ಕೆಂಪು ಶಾಯಿಯ ಚೀಟಿ ಇತ್ತು. ಸುಳ್ಳು ಚೀಟಿಗಳ ಸಂತೆಯಲ್ಲಿ ಒಂದೇ ಒಂದು ನಿಜದ ಚೀಟಿ. ಗುರುತಿಸುವುದು ಹೇಗೆ?

"ಯಾರು ಆಫ್ ಮಾಡಿದ್ದು? ಯಾರು? ಎಲ್ಲಾ ಹೋಯ್ತು, ಮೊದಲಿಂದ ಶುರು ಮಾಡ್ಬೇಕು ನಾನು! ಚೀಟಿ ಓದೋಕೆ ಬರಲ್ವಾ?"

"ಚೀಟಿ ಬರೆದೋನೇ ನಾನಮ್ಮಾ," ಎಂದರು ಸಾರ್. ಅವರಿಗೆ ಹೊಳೆದ ಉತ್ತರ ಅದೊಂದೇ. ಹುಡುಗಿಗೆ ಅದು ಅಹಂಕಾರದ ಹಾಗೆ ಕೇಳಿಸಿತು. ನೇರ ಈಗಿನ ಮುಖ್ಯಸ್ಥೆ ಮೇಡಂ ಕೋಣೆಗೆ ಹೋದಳು.

ಮಧ್ಯಾಹ್ನದೊಳಗೆ ಹಳೆಯ ಹುಕುಂ ಹೊಸ ಅಂಗಿ ತೊಟ್ಟು ಬಂತು. ಯಾವ ಯಂತ್ರವನ್ನೂ ಯಾರೂ ಆಫ್ ಮಾಡತಕ್ಕದ್ದಲ್ಲ. ಈ ಸಲದ ಚೀಟಿ ಅಚ್ಚು ಹಾಕಿಸಿದ್ದು, ಪ್ಲಾಸ್ಟಿಕ್ ಹೊದಿಕೆಯದ್ದು. ಕೆಳಗಿನ ಮೂಲೆಯಲ್ಲಿ ಒಂದು ಎಲೆಯ ಚಿತ್ರ, ಪಕ್ಕದಲ್ಲಿ "ಹಸಿರು ಕ್ಯಾಂಪಸ್". ನಾಚಿಕೆ ಎಂಬುದು ಅಂಗಡಿಯಲ್ಲಿ ಸಿಗುವಂತಿದ್ದರೆ ಆ ಇಲಾಖೆಗೆ ಒಂದು ಮೂಟೆ ಕಳಿಸಬಹುದಿತ್ತು. ಸ್ವೆಟರ್ ಸಾರ್ ತಲೆ ತಗ್ಗಿಸಿಕೊಂಡು ಮತ್ತೆ ಎಲ್ಲವನ್ನೂ ಅಂಟಿಸಿದರು. ಒಗೆದ ಸ್ವೆಟರ್ ಮತ್ತೆ ಮೈಮೇಲೆ ಬಂತು. ಕಿಟಕಿ ಮುಚ್ಚಿತು. ತಿಂಗಳ ಕೊನೆ ಹತ್ತಿರವಾಯಿತು.

ಸಾರ್ ಹುಡುಗಿಯ ಹತ್ತಿರ ಕ್ಷಮೆ ಕೇಳಲು ಹೋದರೆ ಅವಳು ಮುಖ ತಿರುಗಿಸಿದಳು. ಆಗ ದೊಡ್ಡಮ್ಮ ಓಣಿಯ ಬಾಯಲ್ಲಿ ಕಾದು ಹಿಡಿದರು.

"ನೀನೇ ಅಲ್ವಾ ನದಿ ಹುಡುಗಿ? ನಮ್ಮೆಜಮಾನರನ್ನ ಬೈಯೋದು ಇನ್ನೂ ಬಾಕಿ ಇದ್ರೆ ಇಲ್ಲೇ ಬಂದು ಬೈಯಮ್ಮಾ. ನಾನೂ ಸೇರ್ಕೋತೀನಿ. ನನಗೆ ಅಭ್ಯಾಸ ಇದೆ."

ಹುಡುಗಿಗೆ ನಗು ಬಂತು, ತಡೆದುಕೊಂಡಳು. ಒಳಗೆ ಬಂದವಳಿಗೆ ಮೊದಲು ತಗುಲಿದ್ದು ಕೋಣೆಯ ಹಬೆ. ಆಮೇಲೆ ಕಂಡದ್ದು ಸಾಲಾಗಿ ಕಟ್ಟಿದ ಬಟ್ಟೆಯ ತೊಟ್ಟಿಲುಗಳು. ಕೆಲವಕ್ಕೆ ಹಳದಿ ಬಟ್ಟೆಯ ತುಂಡು ಗಂಟು ಹಾಕಿತ್ತು, ಕೆಲವಕ್ಕೆ ಇಲ್ಲ. ಹುಡುಗಿ ಗಂಟು ಹಾಕಿದ್ದೊಂದನ್ನು ಮುಟ್ಟಹೋದಳು.

"ಶ್! ಮುಟ್ಬೇಡ. ಹಳದಿ ಕಟ್ಟಿದ್ರೆ ಒಳಗೆ ಮಗು ಮಲಗಿದೆ ಅಂತ. ಎಲ್ಲಾ ತೊಟ್ಟಿಲೂ ಒಂದೇ ಥರ ಇಳಿಬಿದ್ದಿರುತ್ತೆ, ಖಾಲಿ ಯಾವುದು, ತುಂಬಿದ್ದು ಯಾವುದು ಅಂತ ಹೊಸಬರಿಗೆ ಗೊತ್ತಾಗಲ್ಲ. ತೂಗಿ ಎಬ್ಬಿಸಿಬಿಡ್ತಾರೆ. ಮಗು ಎದ್ದ ತಕ್ಷಣ ಬಿಚ್ಚಿಬಿಡ್ತೀನಿ."

"ಎಲ್ಲದಕ್ಕೂ ಕಟ್ಟಿಟ್ಟರೆ ಆಗಲ್ವಾ?"

"ಎಲ್ಲದಕ್ಕೂ ಕಟ್ಟಿದ್ರೆ ಕಟ್ಟಿ ಏನುಪಯೋಗ?"

ಹುಡುಗಿ ಕಿಟಕಿಯ ಹತ್ತಿರ ಹೋಗಿ ಚಿಲಕ ತೆಗೆದು ಕೈ ಚಾಚಿದಳು. ನೀರು ನುಗ್ಗುವ ದಾರಿ ಹುಡುಕುವವಳಿಗೆ ಬಿಸಿ ನುಗ್ಗುವ ದಾರಿ ಅರ್ಥವಾಗಲು ಹೊತ್ತು ಬೇಕಿರಲಿಲ್ಲ.

"ಇದರಲ್ಲಿ ನನ್ನದು ಒಂದು ಮಷೀನು. ಉಳಿದದ್ದೆಲ್ಲ ಯಾರದು?"

"ಯಾರದೂ ಅಲ್ಲ ಕಣಮ್ಮ. ಅದೇ ನಮ್ಮ ಗೋಳು."

"ನನ್ನ ತಪ್ಪೂ ಇದೆ," ಎಂದಳು ಹುಡುಗಿ. "ಮಧ್ಯೆ ಮಧ್ಯೆ ಲೆಕ್ಕ ಉಳಿಸಿಡಬಹುದಿತ್ತು. ಯಾವತ್ತೂ ಆಫ್ ಆಗಲ್ವಲ್ಲ ಅಂತ ಸೋಮಾರಿತನ ಮಾಡಿದೆ." ಆಮೇಲೆ ತಿರುಗಿ, "ದೊಡ್ಡಮ್ಮ, ಈ ಹಳದಿ ಬಟ್ಟೆ ಇನ್ನೂ ಇದೆಯಾ?"

ಮುಖ್ಯಸ್ಥೆಯ ಕೋಣೆಗೆ ಈ ಸಲ ದೂರು ಕೊಟ್ಟವಳೂ ದೂರಿಗೆ ಗುರಿಯಾದವರೂ ಒಟ್ಟಿಗೆ ಹೋದರು. ಮೇಡಂ ಹುಬ್ಬೇರಿಸಿದರು. ಮಾತು ಸರಳವಾಗಿತ್ತು: ಕೆಲಸ ನಡೆಯುತ್ತಿರುವ ಯಂತ್ರವನ್ನು ಅದರ ಮನುಷ್ಯ ಮಲಗದಂತೆ ಮಾಡಿ, ಹಳದಿ ಬಟ್ಟೆ ಕಟ್ಟಿ ಹೋಗಲಿ. ಕಟ್ಟದ ಯಂತ್ರ ಸ್ವಲ್ಪ ಹೊತ್ತಿಗೆ ತಾನೇ ಮಲಗಲಿ, ಸಂಜೆ ಆಫ್ ಆಗಲಿ. ಚೀಟಿ ಎಲ್ಲ ಹೋಗಲಿ.

"ಮತ್ತೆ ಯಾರದಾದರೂ ಕೆಲಸ ಹಾಳಾದ್ರೆ?"

"ಬಟ್ಟೆ ಕಟ್ಟಿದ್ದನ್ನ ನಾನು ಮುಟ್ಟಿದ್ರೆ ತಪ್ಪು ನಂದು ಮೇಡಂ," ಎಂದರು ಸ್ವೆಟರ್ ಸಾರ್. "ಕಟ್ಟದೇ ಹೋದ್ರೆ ತಪ್ಪು ಅವರದು."

"ಮಕ್ಕಳ ರೂಮಿನ ಬಟ್ಟೆ ಕಟ್ಕೊಂಡು ವಿಶ್ವವಿದ್ಯಾಲಯ ನಡೆಸ್ಬೇಕಾ ನಾವು?"

"ಮೇಡಂ, ಇಷ್ಟು ದಿನ ಇಲ್ಲದ ಮಷೀನಿನ ಚೀಟಿ ಅಂಟಿಸ್ಕೊಂಡು ನಡೆಸಿದ್ದೀವಿ," ಎಂದಳು ಹುಡುಗಿ.

ಮೇಡಂ ನಕ್ಕರೋ ಕೆಮ್ಮಿದರೋ, ಸ್ಪಷ್ಟವಿಲ್ಲ. "ಡಾಕ್ಟರು ಬರೋ ತನಕ ಮಾಡಿ ನೋಡಿ" ಎಂದರು.

ಸಾರ್ ಮತ್ತು ಹುಡುಗಿ ಒಂದೊಂದೇ ಯಂತ್ರಕ್ಕೆ ಮಲಗುವ ಬುದ್ಧಿಯನ್ನು ಮರಳಿ ಕೊಟ್ಟರು. ಹಳದಿ ಬಟ್ಟೆಗಳನ್ನು ಬಾಗಿಲ ಬಳಿ ಬುಟ್ಟಿಯಲ್ಲಿಟ್ಟರು. ರಜೆ ಮುಗಿಯುವ ತನಕ ಎಲ್ಲ ಚೆನ್ನಾಗಿಯೇ ನಡೆಯಿತು. ಒಂದು ಎಸಿ ಪೂರ್ತಿ ನಿಂತಿತು, ಅದೂ ಕಿಟಕಿಗೆ ಎದುರಿನದೇ. ಇನ್ನೊಂದು ಆಗೀಗ ಉಸಿರಾಡುತ್ತಿತ್ತು. ಕತೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ವಿದ್ಯಾರ್ಥಿಗಳು ವಾಪಸ್ ಬಂದರು. ನಾವು ಎಂಥ ಜನ ಎಂದರೆ, ಬಂದ ಎರಡೇ ದಿನದಲ್ಲಿ ದಾರಿ ಕಂಡುಹಿಡಿದರು. ಮಲಗಿದ ಯಂತ್ರವನ್ನು ಎಬ್ಬಿಸಲು ಒಂದು ಗುಂಡಿ ಒತ್ತಿ ಕ್ಷಣ ಹೊತ್ತು ಕಾಯಬೇಕಲ್ಲ, ಅಷ್ಟೂ ತಾಳ್ಮೆ ಬೇಡವೇ? ಬಂದವರು ಯಂತ್ರ ಮಲಗದಂತೆ ಮಾಡಿ ಬಟ್ಟೆ ಕಟ್ಟಿದರು, ಹೋದವರು ಬಿಚ್ಚಲಿಲ್ಲ. ಡಾಕ್ಟರಮ್ಮ ಬರಬೇಕಾದ ದಿನ ಬೆಳಿಗ್ಗೆ ಸ್ವೆಟರ್ ಸಾರ್ ಬಾಗಿಲು ತೆಗೆದರೆ ಹಾಲಿಗೆ ಹಾಲೇ ಹಳದಿ. ಬುಟ್ಟಿ ಖಾಲಿ. ಎಲ್ಲ ಯಂತ್ರಗಳೂ ಎಚ್ಚರ, ಎರಡೂ ಎಸಿಗಳ ಗುರುಗುರು. ಮೇಡಂ ಮುಂದೆ ಕೊಟ್ಟ ಮಾತು ನೆನಪಾಯಿತು: ಕಟ್ಟಿದ್ದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೊಬ್ಬ ನದಿ ಹುಡುಗಿಯ ಕೆಲಸ ಮುಳುಗೀತು. ಮುಟ್ಟದಿದ್ದರೆ ಮಧ್ಯಾಹ್ನ ಮಕ್ಕಳ ಕೋಣೆಗೆ ಬೀಗ. ಪಾಪ, ನಡುಹಾಲಿನಲ್ಲಿ ನಿಂತು ಅತ್ತ ಇತ್ತ ನೋಡಿದರು.

ಅಷ್ಟರಲ್ಲಿ ದೊಡ್ಡಮ್ಮನೇ ಬಂದರು. ಬಂದದ್ದು ಹೋರಾಟಕ್ಕಲ್ಲ, ಬಟ್ಟೆಗೆ. ಒದ್ದೆ ಮಾಡಿ ಹಾಕಲು ಕೋಣೆಯಲ್ಲಿ ಒಂದು ಹಳದಿ ಬಟ್ಟೆಯೂ ಉಳಿದಿರಲಿಲ್ಲ. ಕಂಕುಳಲ್ಲಿ ಚಿಟ್ಟೆ. ಮಕ್ಕಳನ್ನು ಒಂಟಿ ಬಿಡುವಂತಿಲ್ಲವಲ್ಲ, ನಡೆಯಬಲ್ಲವೆಲ್ಲ ಸೆರಗು ಹಿಡಿದು ಹಿಂದೆ. ಅಂಬೆಗಾಲಿನವನ್ನು ಕ್ಯಾಂಟೀನಿನ ಅಮ್ಮಂದಿರು ಎತ್ತಿಕೊಂಡಿದ್ದರು. ಹಾಲು ತುಂಬಿತ್ತು. ಅರ್ಧ ಜನ ಕೂತಿದ್ದರು, ಅರ್ಧ ಜನ ಬಾಗಿಲಲ್ಲಿ ಹರಟುತ್ತಿದ್ದರು. ದೊಡ್ಡಮ್ಮ ಒಮ್ಮೆ ಸುತ್ತ ನೋಡಿದರು. ವಿಷಯ ಅರ್ಥವಾಯಿತು. ಗಂಟಲು ಸರಿಮಾಡಿಕೊಂಡರು. ಮಲಗಿದ ಮಕ್ಕಳ ಮಧ್ಯೆ ಪಿಸುಗುಟ್ಟಿ ಅಭ್ಯಾಸವಾದ ಆ ಗಂಟಲಿಗೆ ಇಷ್ಟು ದೊಡ್ಡ ದನಿ ಇದೆಯೆಂದು ಗಂಡನಿಗೂ ಗೊತ್ತಿರಲಿಲ್ಲ.

"ಮಕ್ಕಳೇ, ಕೇಳಿ! ನಿಮ್ಮನ್ನೇ, ದೊಡ್ಡ ಮಕ್ಕಳನ್ನೇ! ಇದು ನನ್ನ ತೊಟ್ಟಿಲು ಬಟ್ಟೆ. ನಿಜವಾಗಿ ಯಾರ ಕೆಲಸ ಓಡ್ತಿದೆಯೋ ಅವರು ಬಂದು ತಮ್ಮ ಮಷೀನಿನ ಮುಂದೆ ನಿಂತ್ಕೊಳ್ಳಿ. ಅದನ್ನ ಯಾರೂ ಮುಟ್ಟಲ್ಲ. ಉಳಿದ ಬಟ್ಟೆ ಎಲ್ಲಾ ನನಗೆ ಈಗಲೇ ವಾಪಸ್ ಬೇಕು. ಬಿಚ್ಚೋಕೆ ಇವರಿದ್ದಾರೆ."

ಇವರು ಎಂದರೆ ಆ ಪುಟ್ಟ ಮಕ್ಕಳ ಪಡೆ. ಹಳದಿ ಕಂಡರೆ ಎಳೆಯುವುದು ಅವಕ್ಕೆ ಹುಟ್ಟುಗುಣ. ಹೋ ಎಂದು ಹಾಲಿನ ತುಂಬ ಹರಡಿದವು. ನದಿ ಹುಡುಗಿ ಒಂದೇ ಜಿಗಿತಕ್ಕೆ ಮೂಲೆಯ ಯಂತ್ರದ ಮುಂದೆ ಕೈಚಾಚಿ ನಿಂತಳು. ಇನ್ನೊಬ್ಬ ಕನ್ನಡಕದ ಹುಡುಗ ಕೈಲಿದ್ದ ಟೀ ಚೆಲ್ಲಿಕೊಂಡು ತನ್ನದರ ಮುಂದೆ ಓಡಿದ. ಆಚೆ ಸಾಲಿನಲ್ಲಿ ಮತ್ತಿಬ್ಬರು. ಅಷ್ಟೇ. ಆ ಹಳದಿ ಸಮುದ್ರದಲ್ಲಿ ನಿಜವಾಗಿ ಮಲಗಿದ್ದ ಕೂಸುಗಳು ಅಷ್ಟೇ! ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಣ್ಣಾ, ನಿನ್ನದು ಓಡ್ತಿಲ್ವಾ?" ಎಂದರು ದೊಡ್ಡಮ್ಮ, ಬಾಗಿಲಲ್ಲಿ ನಿಂತಿದ್ದ ದಾಂಡಿಗನೊಬ್ಬನಿಗೆ.

"ಇಲ್ಲ ದೊಡ್ಡಮ್ಮ. ಸುಮ್ನೆ ಕಟ್ಟಿದ್ದೆ."

"ಸುಮ್ನೆ ಕಟ್ಟಿದ್ದನ್ನ ಸುಮ್ನೆ ಬಿಚ್ಚು. ನೋಡು, ನಿನಗಿಂತ ಚಿಕ್ಕೋಳು ಬಿಚ್ತಿದ್ದಾಳೆ."

ಕಂಕುಳಿನಿಂದ ಇಳಿದ ಚಿಟ್ಟೆ ಆಗಲೇ ಅವನ ಯಂತ್ರದ ಗಂಟಿಗೆ ಹಲ್ಲು ಹಾಕಿತ್ತು. ಅದರ ಕತ್ತಿನ ಹುಣ್ಣು ಆ ಹುಡುಗನ ಕಣ್ಣಿಗೆ ಬಿತ್ತು. ಅವನು ನಗುವುದನ್ನು ನಿಲ್ಲಿಸಿದ. ತನ್ನದನ್ನು ಬಿಚ್ಚಿ, ಯಂತ್ರ ಆರಿಸಿ, ಪಕ್ಕದ ಸಾಲಿಗೆ ಹೋದ. ಅವನ ಹಿಂದೆ ಗೆಳೆಯರು. ಚೆಲ್ಲಿದ ಟೀ ಒರೆಸಲು ಬಂದ ಸ್ವೆಟರ್ ಸಾರ್‌ಗೆ ಬಟ್ಟೆ ಒಟ್ಟುಮಾಡುವುದಷ್ಟೇ ಕೆಲಸ ಉಳಿಯಿತು. ಸ್ವಲ್ಪ ಹೊತ್ತಿಗೆ ಎದುರಿನ ಎಸಿ ಒಮ್ಮೆ ನಡುಗಿ ಸುಮ್ಮನಾಯಿತು.

ಮಧ್ಯಾಹ್ನ ಡಾಕ್ಟರಮ್ಮ ಬಂದಾಗ ಕಿಟಕಿ ತೆರೆದಿತ್ತು. ಅವರು ಕೈ ಹೊರಗೆ ಚಾಚಿ ಬಹಳ ಹೊತ್ತು ನಿಂತರು. ಆಮೇಲೆ ತೊಟ್ಟಿಲುಗಳ ನಡುವೆ ನಡೆದು, ಬಗ್ಗಿ, ಮಕ್ಕಳ ಕತ್ತು ಮುಟ್ಟಿ ನೋಡಿದರು. ದೊಡ್ಡಮ್ಮ ಒಂದೊಂದೇ ತೊಟ್ಟಿಲ ಬಟ್ಟೆ ಸರಿಸಿಕೊಟ್ಟರು. ಬಾಗಿಲಲ್ಲಿ ನದಿ ಹುಡುಗಿ, ಅವಳ ಹಿಂದೆ ಸ್ವೆಟರ್ ಸಾರ್.

"ನಾಳೆನೂ ಹೀಗೇ ಇರುತ್ತಾ?"

"ನಾನಿದ್ದೀನಿ ಮೇಡಂ," ಎಂದರು ಸಾರ್.

"ನಾವಿದ್ದೀವಿ," ಎಂದಳು ಹುಡುಗಿ.

"ಹಾಗಾದ್ರೆ ಕಿಟಕಿ ತೆಗೆದೇ ಇರಲಿ. ಕೋಣೆನೂ ಇರಲಿ," ಎಂದು ಡಾಕ್ಟರಮ್ಮ ಚಿಟ್ಟೆಯ ಕೆನ್ನೆ ಹಿಂಡಿ ಹೋದರು.

ಆ ಕೋಣೆ ಇವತ್ತೂ ನಡೆಯುತ್ತಿದೆ. ಅಮ್ಮಂದಿರು ಕೆಲಸ ಬಿಟ್ಟಿಲ್ಲ. ಚಿಟ್ಟೆಯ ಕತ್ತಿನ ಹುಣ್ಣು ಮಾಯ್ದಿದೆ. ಬೇರೆ ವಿಭಾಗದವರು ಬಂದು ಬುಟ್ಟಿ ನೋಡಿ ಹೋಗಿದ್ದಾರೆ, ಒಂದಿಬ್ಬರು ತಮ್ಮಲ್ಲೂ ಚೀಟಿ ಕಿತ್ತಿದ್ದಾರೆ. ಆಡಳಿತ ಕಟ್ಟಡ ಮಾತ್ರ ಇನ್ನೂ ಝಗಝಗಿಸುತ್ತಿದೆ. ಅಲ್ಲಿ ಕಟ್ಟಲು ಬಟ್ಟೆಯಲ್ಲ, ಕಟ್ಟಿಹಾಕಲು ಹಗ್ಗ ಬೇಕೇನೋ. ನದಿ ಹುಡುಗಿಯ ಲೆಕ್ಕ ಮತ್ತೆ ಓಡುತ್ತಿದೆ, ಈಗ ಮಧ್ಯೆ ಮಧ್ಯೆ ಉಳಿಸಿಟ್ಟುಕೊಂಡು. ಸ್ವೆಟರ್ ಸಾರ್ ಅವರ ಸ್ವೆಟರ್ ಹಾಲಿನ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿದೆ. ಹೆಸರು ಮಾತ್ರ ಬಿಟ್ಟಿಲ್ಲ. ಹೊಸ ಹುಡುಗರು, "ಯಾಕೆ ಸಾರ್ ನಿಮಗೆ ಆ ಹೆಸರು?" ಎಂದು ಕೇಳಿದರೆ ಅವರು ಉತ್ತರ ಕೊಡುವುದಿಲ್ಲ. ಹಿಂದಿನ ಓಣಿಗೆ ಕರೆದೊಯ್ದು ಕಿಟಕಿ ತೋರಿಸುತ್ತಾರೆ.

ಈಗ ನಿಮ್ಮ ಸರದಿ. ಓದಿ ಮುಗಿಸಿ ಲೊಚಗುಟ್ಟಬೇಡಿ, ಯಾರಿಗೂ ಕಳಿಸಬೇಡಿ. ಎದ್ದು ಹೋಗಿ ನಿಮ್ಮ ಕಚೇರಿಯ, ನಿಮ್ಮ ಕಾಲೇಜಿನ, ನಿಮ್ಮ ಮೇಜಿನ ಕೆಳಗಿನ ಆ ಡಬ್ಬದ ಮೇಲೆ ಕೈ ಇಡಿ. ಬೆಚ್ಚಗಿದೆಯೇ? ಯಾರ ಕೆಲಸಕ್ಕೆ ಎಂದು ಕೇಳಿ. ಉತ್ತರ ಬರದಿದ್ದರೆ ಆರಿಸಿ. ಆಮೇಲೆ ಕಟ್ಟಡದ ಹಿಂಬದಿಗೆ ನಡೆಯಿರಿ, ಈ ತನಕ ನೀವು ಹೋಗಿಲ್ಲದ ಆ ಓಣಿಗೆ, ನಿಮ್ಮ ಬಿಸಿ ಯಾರ ಕಿಟಕಿಯ ಮುಂದೆ ನಿಂತಿದೆ ಎಂದು ನಿಮ್ಮ ಕಣ್ಣಾರೆ ನೋಡಿ ಬನ್ನಿ.